ಒಸಾಕಾದಲ್ಲಿ ಲೆನ್ಸ್ ಮೂಸಿದ್ದು

ಜಪಾನಿಗೆ ಹೋಗಿ ಬಂದೆ ಅಂದರೆ ನಮ್ಮ ಕೊಪ್ಪದಲ್ಲಿ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಊಟಕ್ಕೆ ಎಂತ ಮಾಡಿದ್ರಿ? ಅದನ್ನು ಈಗಲೇ ಹೇಳಿ ಮುಗಿಸಿಬಿಡುತ್ತೇನೆ. ನನ್ನ ತಮ್ಮ ಮಲ್ಲೇಶ ಅರ್ಧ ಸೂಟ್‌ಕೇಸು ಗೊಜ್ಜವಲಕ್ಕಿ ತಂದಿದ್ದ. ಬಿಸಿನೀರು ಹುಯ್ದುಕೊಂಡು ಬೆಳಿಗ್ಗೆ ಸಂಜೆ ಅದನ್ನೇ ತಿಂದೆವು. ಮಧ್ಯಾಹ್ನ ಅಲ್ಲಿನ ಅನ್ನವನ್ನೂ ತಿಂದೆವು. ಚೆನ್ನಾಗಿಯೇ ಇತ್ತು, ಸ್ವಲ್ಪ ಅಂಟು ಜಾಸ್ತಿ. ಇನ್ನು ಬೇರೆ ವಿಷಯಕ್ಕೆ ಬರಬಹುದು.

ಕೊಪ್ಪ

ನಾನು ಕೊಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತೆಂಟು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿರುವವಳು. ಡ್ರೋನ್ ಹಾರಿಸುವುದು, ಮದುಮಕ್ಕಳನ್ನು ಗುಡ್ಡದ ಮೇಲೆ ಓಡಿಸಿ ವಿಡಿಯೋ ಮಾಡುವುದು ನನ್ನ ಕೈಲಾಗದ ಕೆಲಸ. ನನಗೆ ಗೊತ್ತಿರುವುದು ಸ್ಟಿಲ್ ಫೋಟೋ ಒಂದೇ. ಅದರಲ್ಲೂ ತೊಟ್ಟಿಲು ಶಾಸ್ತ್ರಕ್ಕೆ ಸುತ್ತಮುತ್ತಲಿನವರು ನನ್ನನ್ನೇ ಕರೆಯುತ್ತಾರೆ, ಯಾಕೆಂದರೆ ನಾನು ಫ್ಲ್ಯಾಶ್ ಹಾಕುವುದಿಲ್ಲ. ಎಳೆಮಗುವಿನ ಕಣ್ಣಿಗೆ ಫ್ಲ್ಯಾಶ್ ಬೀಳಕೂಡದು ಎಂದು ನನ್ನನ್ನು ಕರೆಯುವ ಮನೆಗಳ ಅಜ್ಜಿಯರ ಕಟ್ಟಪ್ಪಣೆ. ನಡುಮನೆಯ ಅರೆಗತ್ತಲಲ್ಲಿ, ನಲವತ್ತು ಜನ ನೆಂಟರ ನಡುವೆ, ಟ್ರೈಪಾಡ್ ಊರಲು ಜಾಗವಿಲ್ಲದೆ, ಉಸಿರು ಬಿಗಿಹಿಡಿದು ತೆಗೆಯಬೇಕು. ಕೈ ಕಲ್ಲಿನ ಹಾಗೆ ನಿಲ್ಲಬೇಕು. ನನ್ನ ಕೈ ಹಾಗೆಯೇ ನಿಲ್ಲುತ್ತಿತ್ತು.

ಹೋದ ವರ್ಷದಿಂದ ನಿಲ್ಲುತ್ತಿಲ್ಲ. ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ಹೆದರುವಂಥದ್ದೇನಲ್ಲ, ಕೆಲವರಿಗೆ ವಯಸ್ಸಾದಂತೆ ಹೀಗೆ ನಡುಕ ಬರುತ್ತದೆ, ಮಾತ್ರೆಯಿಂದ ಒಂಚೂರು ಕಮ್ಮಿಯಾಗಬಹುದು, ಪೂರ್ತಿ ಹೋಗಲಿಕ್ಕಿಲ್ಲ ಎಂದರು. ಅವರ ಲೆಕ್ಕದಲ್ಲಿ ಅದು ಸಣ್ಣದು. ಬಾಳಗಡಿಯ ಒಂದು ಮನೆಯಲ್ಲಿ ತೊಟ್ಟಿಲಿಗೆ ತೆಗೆದ ಫೋಟೋಗಳೆಲ್ಲ ಅಲ್ಲಾಡಿಹೋದಾಗ ನನ್ನ ಲೆಕ್ಕದಲ್ಲಿ ಅದು ಎಷ್ಟು ದೊಡ್ಡದು ಎಂದು ತಿಳಿಯಿತು. ಮೆಮೊರಿ ಕಾರ್ಡ್ ಕೆಟ್ಟಿತು ಎಂದು ಅವರಿಗೆ ಸುಳ್ಳು ಹೇಳಿದೆ. ನಾಚಿಕೆಯಿಂದ ಎರಡು ದಿನ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ನಡುಕದ ವಿಷಯ ಯಾರಿಗೂ ಹೇಳಲಿಲ್ಲ. ಎಲ್ಲಿ ಚಹಾ ಕೊಟ್ಟರೂ ಅರ್ಧ ಲೋಟ ಸಾಕು ಎನ್ನುವುದನ್ನು ರೂಢಿ ಮಾಡಿಕೊಂಡೆ. ಕ್ಯಾಮೆರಾ ಹಳೆಯದಾಯಿತು, ಅದಕ್ಕೇ ಫೋಟೋ ಸರಿ ಬರುತ್ತಿಲ್ಲ ಎಂದು ಎಲ್ಲರ ಹತ್ತಿರ ದೂರಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನಾನೇ.

ನೆಲವೂ ಸ್ವಲ್ಪ ಡೊಂಕಾಗಿತ್ತೆನ್ನಿ. ಮಲೆನಾಡಿನಲ್ಲಿ ನಮ್ಮಂಥ ಫೋಟೋದವರು ಲೆನ್ಸುಗಳನ್ನು ಕಪಾಟಿನಲ್ಲಿಟ್ಟು ಒಳಗೆ ಒಂದು ಬಲ್ಬು ಉರಿಸುತ್ತೇವೆ. ಬಲ್ಬಿನ ಬಿಸಿಗೆ ತೇವ ಆರುತ್ತದೆ, ಗಾಜಿನ ಮೇಲೆ ಫಂಗಸ್ ಹುಟ್ಟುವುದಿಲ್ಲ. ಈ ಸಲ ನನ್ನ ಹಳೆಯ ಬಲ್ಬು ಸುಟ್ಟುಹೋಯಿತು. ನಾನು ಜಾಣತನ ತೋರಿಸಿ ಎಲ್‌ಇಡಿ ಬಲ್ಬು ಹಾಕಿದೆ. ಬೆಳಕು ಜೋರಾಗಿತ್ತು, ಬಿಸಿ ಮಾತ್ರ ಇರಲಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಝಗಮಗ ಬೆಳಕಿನಲ್ಲಿ ಫಂಗಸ್ ಸುಖವಾಗಿ ಸಂಸಾರ ಹೂಡಿತು. ತೆಗೆದು ನೋಡಿದರೆ ಮೂರು ಲೆನ್ಸಿನ ಒಳಗೂ ಜೇಡರ ಬಲೆಯಂಥದ್ದು ಹಬ್ಬಿತ್ತು.

ಅಂತೂ ಹೊಸದಾಗಿ ಕೊಳ್ಳಲೇಬೇಕಾಯಿತು. ಮಿರರ್‌ಲೆಸ್ ಎಂಬ ಹೊಸ ನಮೂನೆಯ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಹಿಡಿದವರ ಕೈ ನಡುಗಿದರೂ ಚಿತ್ರ ನಡುಗದ ಹಾಗೆ ಒಳಗೇ ಏನೋ ಏರ್ಪಾಡು ಇರುತ್ತದೆ ಎಂದು ಓದಿದ್ದೆ. ಪೂರ್ತಿ ನಂಬಿರಲಿಲ್ಲ. ಅಂಥದ್ದು ನನ್ನ ಕೈಗೆಟಕುವ ಹಾಗೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಯುಗಾದಿಗೆ ಸ್ಟುಡಿಯೋ ಮುಚ್ಚುವುದು ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡೆ.

ಜಪಾನ್ ಬಂದದ್ದು ಮಲ್ಲೇಶನ ದೆಸೆಯಿಂದ. ಅವನಿಗೆ ಎನ್.ಆರ್. ಪುರದಲ್ಲಿ ಹುಲ್ಲು ಹೊಡೆಯುವ ಮಿಷನ್ನುಗಳ ಅಂಗಡಿಯಿದೆ. ವರ್ಷದಲ್ಲಿ ಇಂತಿಷ್ಟು ಮಿಷನ್ ಮಾರಿದ ಡೀಲರಿಗೆ ಕಂಪನಿಯವರು ಇಬ್ಬರಿಗಾಗುವ ವಿದೇಶ ಪ್ರವಾಸ ಕೊಡುತ್ತಾರೆ. ಅವನ ಹೆಂಡತಿಗೆ ಶೃಂಗೇರಿ ಬಸ್ಸಿನ ತಿರುವುಗಳಲ್ಲೇ ವಾಂತಿ, ವಿಮಾನ ಅಂದರೆ ದೂರದಿಂದಲೇ ಕೈಮುಗಿದಳು. ಹಾಗಾಗಿ ಆ ಸೀಟು ನನಗೆ ಬಂತು. ಅಲ್ಲಿ ಒಬ್ಬರು ಬಳಸಿ ಕೊಟ್ಟ ಕ್ಯಾಮೆರಾಗಳು ಹೊಸದರಂತೆ ಇರುತ್ತವೆ, ಅಗ್ಗಕ್ಕೂ ಸಿಗುತ್ತವೆ ಎಂದು ನಾನೂ ಕೇಳಿದ್ದೆ.

ಒಸಾಕಾ, ಮೊದಲ ದಿನ

ನವೆಂಬರ್ ತಿಂಗಳು. ಇಳಿದಾಗ ಸಣ್ಣ ಮಳೆ, ಒಳ್ಳೆಯ ಚಳಿ. ನಾನು ಟ್ರಂಕಿನಿಂದ ತೆಗೆದು ತಂದ ಉಣ್ಣೆಯ ಸ್ವೆಟರನ್ನು ಹಾಕಿಕೊಂಡವಳು ಎರಡು ದಿನ ಬಿಚ್ಚಲಿಲ್ಲ.

ಅಲ್ಲಿನ ಅಂಗಡಿಗಳ ಬಾಗಿಲಲ್ಲಿ ಒಂದು ಡಬ್ಬ ಇರುತ್ತದೆ. ಒದ್ದೆ ಕೊಡೆಯನ್ನು ಅದರೊಳಗೆ ತೂರಿಸಿ ಎಳೆದರೆ ಕೊಡೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಕಳಿಸುತ್ತದೆ. ನೆಲದ ಮೇಲೆ ಒಂದು ಹನಿ ನೀರಿಲ್ಲ. ನಾವು ವರ್ಷಕ್ಕೆ ನಾಲ್ಕು ತಿಂಗಳು ಕೊಡೆ ಹಿಡಿದೇ ಬದುಕುವವರು, ಅಂಗಡಿ ಬಾಗಿಲಲ್ಲಿ ಗೋಣಿಚೀಲ ಹಾಸಿದ್ದು ಬಿಟ್ಟರೆ ಬೇರೆ ಏನೂ ನಮಗೆ ಹೊಳೆಯಲಿಲ್ಲ. ಮಲ್ಲೇಶ ನಾಲ್ಕು ಸಲ ತೂರಿಸಿ ನೋಡಿದ.

ಓಡುವ ಮೆಟ್ಟಿಲಿನ ಮೇಲೆ ಎಲ್ಲರೂ ಬಲಗಡೆ ಒತ್ತಿ ನಿಲ್ಲುತ್ತಾರೆ, ಅವಸರ ಇದ್ದವರು ಎಡಗಡೆಯಿಂದ ಹತ್ತಿಹೋಗುತ್ತಾರೆ. ಮಲ್ಲೇಶನಿಗೆ ಇದು ಗೊತ್ತಿಲ್ಲ. ನನ್ನ ಪಕ್ಕಕ್ಕೇ ನಿಂತು ಅಡಿಕೆ ಕೊಯ್ಲಿನ ಸುದ್ದಿ ಹೇಳುತ್ತಿದ್ದ. ಹಿಂತಿರುಗಿ ನೋಡಿದರೆ ಅವನ ಹಿಂದೆ ಕೆಳಗಿನ ತನಕ ಸಾಲು ನಿಂತಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ, ಒಬ್ಬರ ಮುಖದಲ್ಲೂ ಸಿಟ್ಟಿಲ್ಲ. ನಮ್ಮ ಬಸ್ಸಾಗಿದ್ದರೆ ಕಂಡಕ್ಟರು ಅಷ್ಟರಲ್ಲಿ ಅವನ ಮೂರು ತಲೆಮಾರನ್ನು ವಿಚಾರಿಸಿರುತ್ತಿದ್ದ. ಬೈದಿದ್ದರೆ ಒಳ್ಳೆಯದಿತ್ತು, ಹೀಗೆ ಸುಮ್ಮನಿದ್ದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಅವನು ಆಮೇಲೆ ಹೇಳಿದ.

ಎರಡನೇ ದಿನ, ಮೂರು ಅಂಗಡಿ

ಬೆಳಿಗ್ಗೆ ಡೀಲರುಗಳನ್ನೆಲ್ಲ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋದರು. ಮಧ್ಯಾಹ್ನ ಮಲ್ಲೇಶ ತಪ್ಪಿಸಿಕೊಂಡು ಬಂದ. ಇಬ್ಬರೂ ಕ್ಯಾಮೆರಾ ಅಂಗಡಿಗಳಿಗೆ ಹೊರಟೆವು.

ನಾನು ಕೊಪ್ಪದಲ್ಲೇ ಲೆಕ್ಕ ಹಾಕಿಟ್ಟುಕೊಂಡಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಫೋಟೋದವರ ವಾಟ್ಸಾಪ್ ಗುಂಪಿನಲ್ಲಿ ಹುಡುಗರೆಲ್ಲ ಚಿತ್ರ ಮೂಡುವ ಸೆನ್ಸರ್ ದೊಡ್ಡದಿರುವ ಹೊಸ ಮಾಡೆಲೇ ಬೇಕು, ಅದಿಲ್ಲದಿದ್ದರೆ ಕ್ಯಾಮೆರಾನೇ ಅಲ್ಲ ಅಂದಿದ್ದರು. ಅದನ್ನು ಕೊಂಡರೆ ಅದಕ್ಕೆ ಹಾಕಲು ಲೆನ್ಸಿಗೆ ಉಳಿಯುವುದಿಲ್ಲ. ಆದರೂ ಮನಸ್ಸಿನ ಮೂಲೆಯಲ್ಲಿ ಅದೇ ಕೂತಿತ್ತು.

ಅಲ್ಲಿನ ಅಂಗಡಿಯವರು ಕ್ಯಾಮೆರಾವನ್ನು ಮೇಜಿನ ಮೇಲೆ ಬರಿದೇ ಇಡುವುದಿಲ್ಲ. ಮೊದಲು ಮೆತ್ತನೆಯ ಬಟ್ಟೆ ಹಾಸುತ್ತಾರೆ, ಕೈಗವಸು ಹಾಕುತ್ತಾರೆ, ಆಮೇಲೆ ಬಾಣಂತಿ ಕೋಣೆಯಿಂದ ಮಗು ತಂದ ಹಾಗೆ ತರುತ್ತಾರೆ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿರುತ್ತದೆ. ಇಲ್ಲಿ ಒಂದು ಗೀರು, ಇಲ್ಲಿ ಒಂದು ಧೂಳಿನ ಕಣ, ರಬ್ಬರ್ ಸ್ವಲ್ಪ ಸಡಿಲ ಎಂದು ತಮ್ಮ ಮಾಲಿನ ಐಬನ್ನು ತಾವೇ ಬರೆದಿರುತ್ತಾರೆ. ನಮ್ಮಲ್ಲಿ ಬೈಕು ಮಾರುವವರು ಇದನ್ನು ನೋಡಬೇಕು.

ನಾನು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಹಿಂಬದಿ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಇದು ನನ್ನ ಹಳೆಯ ರೂಢಿ. ಫಂಗಸ್ ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿ ಪುಸ್ತಕ, ಚಪ್ಪಲಿ, ಹಾಸಿಗೆ ಎಲ್ಲವನ್ನೂ ಮೂಸಿಯೇ ಒಳಗೆ ಸೇರಿಸುವುದು. ಮೊದಲ ಅಂಗಡಿಯ ಹುಡುಗಿ ಕಣ್ಣು ದೊಡ್ಡದು ಮಾಡಿದಳು. ಲೆನ್ಸಿನಲ್ಲಿ ಮುಗ್ಗು ವಾಸನೆ. ಬೇಡ ಎಂದೆ. ಎರಡನೇ ಅಂಗಡಿಯಲ್ಲಿ ಐದು ಲೆನ್ಸ್ ಮೂಸಿದೆ. ಐದಕ್ಕೂ ಅದೇ ವಾಸನೆ. ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಇವರ ಗಾಜಿನ ಕಪಾಟು, ತೇವ ಅಳೆಯುವ ಮುಳ್ಳು ಎಲ್ಲ ಸರಿ, ಕೊಪ್ಪದವರ ಮೂಗಿನ ಮುಂದೆ ನಡೆಯುವುದಿಲ್ಲ ಎಂದು ಮಲ್ಲೇಶನಿಗೆ ಹೇಳಿದೆ.

ಮೂರನೆಯದು ಒಂದು ಸಣ್ಣ ಗಲ್ಲಿಯ ಅಂಗಡಿ. ಅಲ್ಲಿದ್ದವರು ಎಪ್ಪತ್ತು ದಾಟಿದ ಒಬ್ಬ ಮುದುಕರು, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡಿದ್ದರು. ಅವರು ಒಂದು ಪುಟ್ಟ ಲೆನ್ಸ್ ತಂದಿಟ್ಟರು. ಕಮ್ಮಿ ಬೆಳಕಿನಲ್ಲಿ ಕೆಲಸ ಮಾಡುವುದಕ್ಕೆಂದೇ ಬಾಯಿ ಅಗಲವಾಗಿರುವಂಥದ್ದು, ನಾನು ಹುಡುಕುತ್ತಿದ್ದುದೇ ಅದು. ಮೂಸಿದೆ. ಅದಕ್ಕೂ ಮುಗ್ಗು. ನಾನು ಮೂಗು ಮುಚ್ಚಿ ತೋರಿಸಿ, ಫೋನಿನಲ್ಲಿ ಭಾಷೆ ಬದಲಿಸಿ, ಫಂಗಸ್ ವಾಸನೆ ಇದೆ ಎಂದು ಹೇಳಿದೆ. ಅವರ ಮುಖ ಸಣ್ಣದಾಯಿತು. ತಲೆಬಾಗಿ ಲೆನ್ಸನ್ನು ಒಳಗೆ ತೆಗೆದುಕೊಂಡು ಹೋದರು.

ಹೋಟೆಲಿಗೆ ವಾಪಸು ಬರುವಾಗ ಖುಷಿ ಎಲ್ಲ ಇಳಿದಿತ್ತು. ಇನ್ನು ಉಳಿದಿದ್ದು ಕಂಪನಿಯವರು ಹತ್ತಿರದ ನಾರಾ ಊರು ತೋರಿಸುವ ಒಂದು ದಿನ ಮತ್ತು ಹೊರಡುವ ದಿನದ ಅರ್ಧ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋದರೆ ಸ್ಟುಡಿಯೋ ಕತೆ ಮುಗಿದ ಹಾಗೆಯೇ ಎಂದು ಹೆದರಿಕೆಯಾಯಿತು.

ನಾರಾ

ನಾರಾದಲ್ಲಿ ಜಿಂಕೆಗಳು ಬೀದಿಯಲ್ಲೇ ಓಡಾಡುತ್ತವೆ. ಅವಕ್ಕೆಂದೇ ಮಾರುವ ಬಿಸ್ಕತ್ತು ತೋರಿಸಿದರೆ ತಲೆಬಾಗಿಸಿ ನಮಸ್ಕಾರ ಮಾಡುತ್ತವೆ. ಬಿಸ್ಕತ್ತು ಮುಗಿದರೆ ನಮಸ್ಕಾರವೂ ಮುಗಿಯಿತು. ನನ್ನ ಕೈ ಖಾಲಿಯಾದದ್ದೇ ಒಂದು ಜಿಂಕೆ ಸ್ವೆಟರಿನ ಅಂಚನ್ನು ಬಾಯಿಗೆ ಹಾಕಿಕೊಂಡು ಎಳೆಯತೊಡಗಿತು. ನಾನು ಕೂಗಿ, ಮಲ್ಲೇಶ ಓಡಿಬಂದು, ಇಬ್ಬರೂ ಸೇರಿ ಬಿಡಿಸಿದೆವು. ಬಿಸಿಲೂ ಬಂದಿತ್ತು, ಸ್ವೆಟರ್ ಬಿಚ್ಚಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನಿಂತ.

"ಅಕ್ಕಾ, ಇದನ್ನ ಎಲ್ಲಿಟ್ಟಿದ್ಯೆ? ಮುಗ್ಗು ಹೊಡೀತದೆ ಮಾರಾಯ್ತಿ."

ನಾನು ನಿಂತಲ್ಲೇ ನಿಂತೆ. ಸ್ವೆಟರ್ ಕಸಿದುಕೊಂಡು ತೋಳಿನ ಅಂಚನ್ನು ಮೂಸಿ ನೋಡಿದೆ. ಒಸಾಕಾದ ಮೂರು ಅಂಗಡಿಯ ಏಳೂ ಲೆನ್ಸಿನ ವಾಸನೆ ಅಲ್ಲೇ ಇತ್ತು. ಲೆನ್ಸನ್ನು ಮೂಗಿಗೆ ಹಿಡಿದಾಗಲೆಲ್ಲ ನನ್ನ ತೋಳೂ ಮೂಗಿನ ಹತ್ತಿರ ಬರುತ್ತಿತ್ತು. ಟ್ರಂಕಿನಲ್ಲಿ ಒಂದು ಮಳೆಗಾಲ ಪೂರ್ತಿ ಕಳೆದ ಸ್ವೆಟರು. ಊರಿನಲ್ಲಿ ಎಲ್ಲಕ್ಕೂ ಅದೇ ವಾಸನೆಯಾದ್ದರಿಂದ ಮೂಗು ಅದನ್ನು ವಾಸನೆ ಎಂದೇ ಎಣಿಸುವುದಿಲ್ಲ. ಪರದೇಶದ ಲೆನ್ಸಿನ ಹತ್ತಿರ ಬಂದಾಗ ಮಾತ್ರ ಅದಕ್ಕೆ ಎಚ್ಚರವಾಗಿತ್ತು.

ವಿಷಯ ಹೇಳಿದಾಗ ಮಲ್ಲೇಶ ಅಲ್ಲೇ ಹುಲ್ಲಿನ ಮೇಲೆ ಕೂತು ನಕ್ಕ. ನನಗೂ ನಗು ಬಂತು. ಆದರೆ ನಗುತ್ತಲೇ ಆ ಮುದುಕರ ಸಣ್ಣದಾದ ಮುಖ ನೆನಪಾಗಿ, ನಾಳೆ ಮೊದಲು ಅಲ್ಲಿಗೇ ಹೋಗಬೇಕು ಎಂದೆ.

ಮತ್ತೆ ಆ ಗಲ್ಲಿ

ಹೊರಡುವ ದಿನ. ವಿಮಾನ ನಿಲ್ದಾಣದ ಬಸ್ಸು ಎರಡು ಗಂಟೆಗೆ. ಅಂಗಡಿ ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ನಾವು ಹತ್ತಕ್ಕೇ ಹೋಗಿ ಹೊರಗೆ ನಿಂತಿದ್ದೆವು.

ಒಳಗೆ ಹೋದರೆ ಗಾಜಿನ ಕಪಾಟಿನಲ್ಲಿ ಆ ಲೆನ್ಸ್ ಇಲ್ಲ. ಮಾರಿಹೋಗಿದೆ ಎಂದುಕೊಂಡೆ. ಮುದುಕರು ನನ್ನನ್ನು ಗುರುತು ಹಿಡಿದು, ತಲೆಬಾಗಿ, ಒಳಕೋಣೆಯಿಂದ ಒಂದು ಪೆಟ್ಟಿಗೆ ತಂದರು. ಅದರೊಳಗೆ ಅದೇ ಲೆನ್ಸ್ ಇತ್ತು. ಅವರು ಫೋನಿಗೆ ಮಾತಾಡಿದರು. ಫೋನು ಅದನ್ನು ಪಂಚಾಂಗ ಓದುವ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿತು: "ತಾವು ಫಂಗಸ್ ಇದೆ ಎಂದಿರಿ. ಮಾರಾಟದಿಂದ ತೆಗೆದೆ. ಎರಡು ದಿನ ಹುಡುಕಿದೆ. ನನಗೆ ಕಾಣಲಿಲ್ಲ. ದಯವಿಟ್ಟು ಎಲ್ಲಿದೆ ತೋರಿಸಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚೀಲದಿಂದ ಸ್ವೆಟರ್ ತೆಗೆದು ತೋಳನ್ನು ಅವರ ಮುಂದೆ ಹಿಡಿದು, ಮೂಸಿ ಎಂದು ಸನ್ನೆ ಮಾಡಿದೆ. ಅವರು ಅನುಮಾನದಿಂದ ಬಗ್ಗಿ ಮೂಸಿದರು. ಆಮೇಲೆ ಲೆನ್ಸ್ ಮೂಸಿದರು. ಮತ್ತೆ ಸ್ವೆಟರ್. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಎಷ್ಟು ನಕ್ಕರೆಂದರೆ ಕೊರಳಿನ ಭೂತಗನ್ನಡಿ ಕುಣಿಯಿತು. ಅವರು ಸಿಟ್ಟಾಗಲಿಲ್ಲವಲ್ಲ ಎಂದು ನನಗೆ ಜೀವ ಬಂದ ಹಾಗಾಯಿತು.

ಇನ್ನು ಕ್ಯಾಮೆರಾ. ಆಸೆ ಬಿಡಲಾಗದೆ ಮೊದಲು ಆ ದೊಡ್ಡ ಹೊಸ ಮಾಡೆಲನ್ನೇ ಕೇಳಿದೆ. ಕೊಟ್ಟರು. ಎತ್ತಿ ಕಣ್ಣಿಗೆ ಹಿಡಿದೆ. ಭಾರಕ್ಕೆ ನಡುಕ ಇನ್ನೂ ಜಾಸ್ತಿಯಾಯಿತು. ಅವರು ಒಂದು ಸಲ ನನ್ನ ಕೈ ನೋಡಿದರು, ತಕ್ಷಣ ದೃಷ್ಟಿ ತೆಗೆದು ಕಪಾಟಿನ ಕಡೆ ತಿರುಗಿದರು. ಇನ್ನೊಂದು ಚಿಕ್ಕ ಕ್ಯಾಮೆರಾ ತಂದರು. ಸೆನ್ಸರ್ ಚಿಕ್ಕದು, ಮಾಡೆಲ್ ಹಳೆಯದು, ತಳದಲ್ಲಿ ಬಣ್ಣ ಹೋಗಿದೆ ಎಂದು ಐಬುಗಳನ್ನೆಲ್ಲ ಮೊದಲು ಹೇಳಿದರು. ಅಲ್ಲಿ ಮಾರುವ ಕೆಲವು ಕ್ಯಾಮೆರಾಗಳಿಗೆ ಜಪಾನಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲವಂತೆ, ಇದಕ್ಕೆ ಇಂಗ್ಲಿಷ್ ಬರುತ್ತದೆ ಎಂದು ಪರದೆಯ ಮೆನು ತೆಗೆದು ತೋರಿಸಿದರು. ಪುಟ್ಟ ಲೆನ್ಸನ್ನು ಅದಕ್ಕೆ ಹಾಕಿದರು. ಸಣ್ಣ ಅಲುಗಾಟವೂ ಚಿತ್ರದಲ್ಲಿ ಕಾಣಲೆಂದು ಶಟರನ್ನು ಬೇಕೆಂದೇ ತೀರಾ ನಿಧಾನಕ್ಕಿಟ್ಟು, ಗೋಡೆಯ ಮೇಲಿನ ಕ್ಯಾಲೆಂಡರಿನ ಫೋಟೋ ತೆಗೆಯಿರಿ ಎಂದರು.

ಮೊದಲು ಆ ಏರ್ಪಾಡನ್ನು ಆಫ್ ಮಾಡಿ ತೆಗೆಸಿದರು. ತಾರೀಕುಗಳೆಲ್ಲ ಅಲ್ಲಾಡಿಹೋಗಿದ್ದವು. ಬಾಳಗಡಿಯ ಫೋಟೋಗಳೇ ಮತ್ತೆ ಎದುರಿಗೆ ಬಂದ ಹಾಗಾಯಿತು. ಆಮೇಲೆ ಆನ್ ಮಾಡಿ ಕೊಟ್ಟರು. ಕಣ್ಣಿಗೆ ಹಿಡಿದು ಬಟನನ್ನು ಅರ್ಧ ಒತ್ತಿದೆ. ವ್ಯೂಫೈಂಡರಿನೊಳಗೆ ಕುಲುಕುತ್ತಿದ್ದ ಗೋಡೆ ಮೆಲ್ಲಗೆ ನಿಂತಿತು. ನನ್ನ ಕೈ ನಡುಗುತ್ತಲೇ ಇದೆ, ಗೋಡೆ ನಿಂತಿದೆ. ತೆಗೆದ ಫೋಟೋವನ್ನು ಹಿಗ್ಗಿಸಿ ನೋಡಿದೆ. ತಾರೀಕಿನ ಕೆಳಗಿನ ಸಣ್ಣ ಅಕ್ಷರಗಳನ್ನೂ ಒಂದೊಂದಾಗಿ ಎಣಿಸಬಹುದಿತ್ತು.

ಒಂದು ವರ್ಷದಿಂದ ಹೊತ್ತಿದ್ದ ಮೂಟೆಯನ್ನು ಯಾರೋ ಬೆನ್ನಿಂದ ಇಳಿಸಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಅದನ್ನು ಮರೆಸಲು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹಾಗೇ ನಿಂತಿದ್ದೆ. ಮಲ್ಲೇಶ ಪಕ್ಕದಲ್ಲೇ ಇದ್ದ, ಅವನು ಎರಡೂ ಫೋಟೋ ನೋಡಿದ್ದ.

"ಯಾವಾಗಿಂದ ಅಕ್ಕಾ?"

"ಹೋದ ವರ್ಷದಿಂದ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಕ್ಕೆ ಹೆದರಿಕೆ ಆಯ್ತು ಮಾರಾಯ. ಸ್ಟುಡಿಯೋ ಮುಚ್ಚು ಅಂತೀಯ ಅಂತ."

ಅವನು ನನ್ನ ಹೆಗಲಿನ ಚೀಲವನ್ನು ತಾನು ತೆಗೆದುಕೊಂಡ. ಆಮೇಲೆ ಮುದುಕರ ಫೋನಿಗೆ ಬಾಯಿ ಹಿಡಿದು, ಈ ಏರ್ಪಾಡನ್ನು ಹುಲ್ಲು ಹೊಡೆಯುವ ಮಿಷನ್ನಿಗೆ ಹಾಕಲು ಬರುತ್ತದಾ, ನಮ್ಮ ಗಿರಾಕಿಗಳಿಗೆ ಸಂಜೆಗೆ ಕೈ ಜುಮ್ಮೆನ್ನುತ್ತದೆ ಎಂದು ಕೇಳಿದ. ಮುದುಕರು ಬಹಳ ಹೊತ್ತು ಯೋಚಿಸಿ, ಅದು ತಮಗೆ ಗೊತ್ತಿಲ್ಲ ಎಂದು ಕ್ಷಮೆ ಕೇಳಿದರು.

ಹೊರಡುವಾಗ ಅವರು ನನಗೆ ಒಂದು ಮಾತು ಹೇಳಿದರು. ಕ್ಯಾಮೆರಾ ನಿಲ್ಲಿಸುವುದು ನಿಮ್ಮ ಕೈಯನ್ನು ಮಾತ್ರ, ಎದುರಿಗಿರುವವರು ಅಲ್ಲಾಡಿದರೆ ಅದು ಏನೂ ಮಾಡಲಾರದು, ಆಗ ಲೆನ್ಸಿನ ಬಾಯಿ ಪೂರ್ತಿ ತೆರೆದು ಶಟರನ್ನು ಜೋರು ಮಾಡಿಕೊಳ್ಳಿ ಎಂದು. ಕ್ಯಾಮೆರಾ ಲೆನ್ಸ್ ಎರಡೂ ಸೇರಿ ನಾನು ತಂದ ದುಡ್ಡಿನೊಳಗೇ ಬಂತು. ಬಸ್ಸು ಹತ್ತುವಾಗ ಎರಡಕ್ಕೆ ಐದು ನಿಮಿಷವಿತ್ತು.

ಶೆಟ್ಟಿಕೊಪ್ಪ

ವಾಪಸು ಬಂದ ಮೇಲೆ ಮೊದಲು ಬಾಳಗಡಿಗೆ ಹೋಗಿ ನಿಜ ಹೇಳಿ ಬಂದೆ. ಅವರು ಬೈಯಲಿಲ್ಲ, ಮಗುವಿನ ಹುಟ್ಟುಹಬ್ಬಕ್ಕೆ ಬಾ ಎಂದರು. ಅದರ ಮುಂದಿನ ವಾರ ಶೆಟ್ಟಿಕೊಪ್ಪದಲ್ಲಿ ಒಂದು ತೊಟ್ಟಿಲು ಶಾಸ್ತ್ರ.

ಅದೇ ಅರೆಗತ್ತಲ ನಡುಮನೆ, ಅದೇ ನೆಂಟರ ಗುಂಪು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ನಾನು ಮೂರು ಫೋಟೋ ತೆಗೆದೆ. ತೊಟ್ಟಿಲಿನ ಪಕ್ಕ ಕಂಬಕ್ಕೆ ಒರಗಿ ಮಗುವಿನ ಮುತ್ತಜ್ಜಿ ಕೂತಿದ್ದರು. ಅವರ ತಲೆ ಸದಾ ಅತ್ತ ಇತ್ತ ಅಲ್ಲಾಡುತ್ತಿರುತ್ತದೆ, ಯಾವುದಕ್ಕೋ ಬೇಡ ಬೇಡ ಅನ್ನುವವರ ಹಾಗೆ. ಅವರು ಮಗುವನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಎಂತ ಮಾರಾಯ್ತಿ, ನಿನ್ನ ಕೈ ನಡುಗ್ತದಲ್ಲೇ?"

ಸುತ್ತಲಿನವರೆಲ್ಲ ನನ್ನ ಕಡೆ ತಿರುಗಿದರು. ಒಂದು ವರ್ಷ ನಾನು ಹೆದರಿದ್ದು ಈ ಪ್ರಶ್ನೆಗೇ.

"ಹೌದಜ್ಜಿ, ಕೈ ನಡುಗ್ತದೆ," ಅಂದೆ. "ಫೋಟೋ ನಡುಗಲ್ಲ."

ಕ್ಯಾಮೆರಾ ಅವರ ಕೈಗೆ ಕೊಟ್ಟೆ. ಮಗುವಿನ ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಹಂಗಾರೆ ನಂದೂ ಒಂದು ತೆಗಿ. ಈ ತಲೆ ಅಲ್ಲಾಡಕ್ಕೆ ಶುರುವಾದ ಮೇಲೆ ನನ್ನ ಫೋಟೋ ಒಂದೂ ನೆಟ್ಟಗೆ ಬಂದಿಲ್ಲ."

ಅವರನ್ನು ಕಿಟಕಿಯ ಹತ್ತಿರ ಕೂರಿಸಿದೆ. ಲೆನ್ಸಿನ ಬಾಯಿ ಪೂರ್ತಿ ತೆರೆದೆ, ಶಟರ್ ಜೋರು ಮಾಡಿದೆ. ಅಜ್ಜಿ ಕತ್ತು ಬಿಗಿಹಿಡಿದು ತಲೆ ನಿಲ್ಲಿಸಲು ನೋಡಿದರು, ಆಗಲಿಲ್ಲ, ಕಣ್ಣು ಕೆಂಪಾಯಿತು. ನಿಲ್ಲಿಸಬೇಡಿ ಅಜ್ಜಿ, ಅಲ್ಲಾಡಲಿ ಬಿಡಿ ಅಂದೆ. ಅವರು ಉಸಿರು ಬಿಟ್ಟರು. ಅವರ ತಲೆ ಅಲ್ಲಾಡುತ್ತಿತ್ತು, ನನ್ನ ಕೈ ನಡುಗುತ್ತಿತ್ತು, ನಾನು ಒತ್ತಿದೆ.

ಪರದೆಯ ಮೇಲೆ ಅಜ್ಜಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನೇರವಾಗಿ ನೋಡುತ್ತಿದ್ದರು. ಅವರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ಪರದೆಯ ಮೇಲಿನ ತಮ್ಮ ಮುಖವನ್ನು ಬೆರಳಿನಿಂದ ಮುಟ್ಟಿದರು.

"ಸುಮ್ಮನೆ ಕೂತಿದೀನಿ ನೋಡೇ," ಎಂದು ಸೊಸೆಯನ್ನು ಕರೆದರು.

ಸೊಸೆ ಬಂದು ನೋಡಿದಳು, ಮಗ ಬಂದು ನೋಡಿದ, ಅಡಿಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಬಂದರು. ತೊಟ್ಟಿಲಲ್ಲಿ ಮಗು ಅಳುತ್ತಿದ್ದುದು ಸ್ವಲ್ಪ ಹೊತ್ತು ಯಾರಿಗೂ ಕೇಳಲಿಲ್ಲ.